ಇಬ್ಬರು ಒಟ್ಟಿಗೆ ಒತ್ತಿದಾಗ

ಜೋಡಿ ಮಾಡಿದ ದಿನ ನಾನು ಉಳಿದುಬಿಟ್ಟೆ. ಯಾರೂ ನನ್ನನ್ನು ಬೇಡ ಅಂದಿದ್ದಲ್ಲ, ತರಗತಿಯ ಲೆಕ್ಕ ಬೆಸವಾಗಿತ್ತು, ಅಷ್ಟೇ. ಇಬ್ಬಿಬ್ಬರಾಗಿ ಕೂತುಕೊಳ್ಳಿ ಎಂದು ಮೇಡಂ ಹೇಳುತ್ತಿದ್ದ ಹಾಗೇ ಕುರ್ಚಿಗಳೆಲ್ಲ ಕಿರ್ರೆಂದು ಸರಿದವು. ಸದ್ದು ನಿಂತಾಗ ನನ್ನ ಪಕ್ಕದ ಕುರ್ಚಿ ಇದ್ದಲ್ಲೇ ಇತ್ತು.

ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ಸಾಫ್ಟ್‌ವೇರ್ ತರಬೇತಿ ಅದು. ವೆಬ್‌ಸೈಟು ಕಟ್ಟುವುದನ್ನು ಬುಡದಿಂದ ಕಲಿಸುತ್ತಿದ್ದರು. ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯವರು ಬಂದು ಎಲ್ಲರ ಕೆಲಸ ನೋಡಿ, ಮೆಚ್ಚಿದ ಕೆಲವರನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುತ್ತಿದ್ದರು. ನನ್ನ ಜೊತೆಯವರೆಲ್ಲ ಆಗತಾನೇ ಕಾಲೇಜು ಮುಗಿಸಿದವರು. ನನ್ನನ್ನು ಬಿಟ್ಟರೆ ತಾಳಿ, ಕಾಲುಂಗುರದವರು ಅಲ್ಲಿ ಇರಲಿಲ್ಲ. ಮೇಡಂಗೂ ನನಗಿಂತ ವಯಸ್ಸು ಕಡಿಮೆ.

ಅಲ್ಲಿನ ಪದ್ಧತಿ ಹೀಗಿತ್ತು: ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಏನು ಬರೆಯಬೇಕೆಂದು ಬಾಯಲ್ಲಿ ಹೇಳಬೇಕು, ತಪ್ಪಿದರೆ ತಡೆಯಬೇಕು. ಸ್ವಲ್ಪ ಹೊತ್ತಿನ ನಂತರ ಅದಲು ಬದಲು. ಹೀಗಾಗಿ ಆ ಕೋಣೆಯಲ್ಲಿ ಯಾವಾಗಲೂ ಮಾತಿನ ಗುಂಯ್‌ಗುಟ್ಟುವಿಕೆ ಇರುತ್ತಿತ್ತು. ನನ್ನ ಟೇಬಲ್ಲಿನಲ್ಲಿ ಮಾತ್ರ ಇರಲಿಲ್ಲ.

'ಮೇಡಂ, ನಾನೇನ್ ಮಾಡ್ಲಿ?' ಎಂದೆ.

'ಅಕ್ಕ, ನೀವು ಸದ್ಯಕ್ಕೆ ಒಬ್ರೇ ಮಾಡಿ. ಯಾವ್ದಾದ್ರೂ ಗೊಂಬೆ ಮುಂದೆ ಇಟ್ಕೊಂಡು ಅದಕ್ಕೆ ಒಂದೊಂದೇ ಸಾಲು ವಿವರಿಸ್ತಾ ಹೋಗಿ. ಹೇಳ್ತಾ ಹೇಳ್ತಾ ತಪ್ಪು ತಾನಾಗೇ ಸಿಗುತ್ತೆ. ದೊಡ್ಡ ಕಂಪನಿಗಳಲ್ಲೂ ಹಂಗೇ ಮಾಡ್ತಾರೆ, ತಮಾಷೆ ಅಲ್ಲ.'

ಮಕ್ಕಳಿಲ್ಲದ ಮನೆ ನಮ್ಮದು, ಗೊಂಬೆ ಎಲ್ಲಿಂದ ತರಲಿ? ಯಾರದೋ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟಿದ್ದ ಹೆಬ್ಬೆರಳುದ್ದದ ಹಿತ್ತಾಳೆ ಗಣಪ ಡಬ್ಬಿಯಲ್ಲಿತ್ತು. ಪೂಜೆಗೆ ಇಟ್ಟದ್ದಲ್ಲವಾದ್ದರಿಂದ ದೋಷವಿಲ್ಲ ಎಂದುಕೊಂಡು ಅದನ್ನೇ ತಂದು ಕೀಬೋರ್ಡಿನ ಪಕ್ಕ ಇಟ್ಟೆ. ಪಿಸುಮಾತಿನಲ್ಲಿ ಕೋಡ್ ಒಪ್ಪಿಸತೊಡಗಿದೆ.

ಮುಂದಿನ ಸಾಲಿನಲ್ಲಿ ಇದೇ ಊರಿನ ಒಬ್ಬ ಹುಡುಗ ಕೂರುತ್ತಿದ್ದ, ಬಾಯಿ ಬಡುಕ. ತಿರುಗಿ ನೋಡಿ ಕೇಳಿದ: 'ಆಂಟಿ, ಏನಂತಾರೆ ನಿಮ್ ಪಾರ್ಟ್ನರ್ರು?'

'ಎರಡನೇ ಸಾಲಲ್ಲಿ ಬ್ರಾಕೆಟ್ ಬಿಟ್ಟಿದ್ದೀಯ ಅಂತಾರೆ.'

'ಸಕ್ಕತ್! ನನ್ ಪಾರ್ಟ್ನರ್ ಬರೀ ಟೀ ಕುಡಿಯೋಣ ಬಾ ಅಂತಾನೆ.'

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರವರ ಜೋಡಿಯ ಕಡೆಗೆ ತಿರುಗಿಕೊಂಡರು.

ನಾನು ಈ ತರಬೇತಿಗೆ ಯಾಕೆ ಸೇರಿದೆ ಎಂಬುದನ್ನು ಹೇಳಬೇಕು. ನನ್ನ ಯಜಮಾನರು ಜಿಗಣಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಮೂರ್ನಾಲ್ಕು ವರ್ಷದಿಂದ ಅವರಿಗೆ ರಾತ್ರಿ ಪಾಳಿಯೇ ಖಾಯಂ ಆಗಿದೆ. ಬೆಳಿಗ್ಗೆ ಬಂದು, ತಿಂಡಿ ತಿಂದು ಮಲಗಿದರೆ ಏಳುವುದು ಸಂಜೆಯ ಹೊತ್ತಿಗೆ. ಇರುವುದು ಒಂದೇ ಕೋಣೆಯ ಬಾಡಿಗೆ ಮನೆ. ಅವರು ಮಲಗಿರುವಾಗ ಕುಕ್ಕರ್ ಕೂಗಬಾರದೆಂದು ನಾನು ಅನ್ನವನ್ನು ಪಾತ್ರೆಯಲ್ಲೇ ಬಸಿದು ಮಾಡುವುದನ್ನು ರೂಢಿಸಿಕೊಂಡೆ. ವಿಷ್ಣು ಸಹಸ್ರನಾಮವನ್ನೂ ತುಟಿಯಲ್ಲೇ ಹೇಳಿ ಮುಗಿಸುತ್ತಿದ್ದೆ. ಕೆಲವು ದಿನ ಸಂಜೆ ಅವರು ಎದ್ದು 'ಕಾಫಿ' ಅಂದಾಗ, ಉತ್ತರ ಕೊಡಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ಬೆಳಗಿನಿಂದ ಮಾತಾಡಿದ್ದರೆ ತಾನೇ? ಅವರು ಒಳ್ಳೆಯವರು. ತರಬೇತಿಯ ವಿಷಯ ಎತ್ತಿದಾಗ ಒಂದೇ ಮಾತು ಹೇಳಿದರು: 'ಓಗ್ಬಾ. ಇಂಗೆ ಗೋಡೆ ನೋಡ್ಕಂಡು ಎಷ್ಟ್ ದಿನ ಕುಂತಿರ್ತೀಯ.'

ನನಗೆ ಬೇಕಿದ್ದದ್ದು ಆ ಕಂಪನಿಯಲ್ಲಿ ಒಂದು ಜಾಗ. ಹತ್ತು ಜನ ಓಡಾಡುವ, ಜೋರಾಗಿ ಮಾತಾಡಬಹುದಾದ ಒಂದು ಜಾಗ. ಬೇರೆಯವರ ಆಸೆಗಳ ಮುಂದೆ ಅದು ಸಣ್ಣದಿರಬಹುದು. ನಾನು ದೇವರ ಮುಂದೆ ಕೇಳಿಕೊಂಡದ್ದು ಅದನ್ನೇ.

ಕೊನೆಯ ಹಂತದಲ್ಲಿ ಪ್ರತಿ ಜೋಡಿಯೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಹಿಂದಿನ ತಂಡಗಳವರು ಮಾಡಿಟ್ಟ ಗ್ರಂಥಾಲಯದ ಪ್ರಾಜೆಕ್ಟ್ ಒಂದು ಇತ್ತು. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು. ಬಹುತೇಕ ಎಲ್ಲರೂ ಅದಕ್ಕೇ ಬಣ್ಣ ಬದಲಿಸಿ ತೋರಿಸುತ್ತಿದ್ದರು. ನಾನು ನಮ್ಮ ಬೀದಿಯ ಆಂಜನೇಯನ ಗುಡಿಗೆ ಏನಾದರೂ ಮಾಡೋಣ ಎಂದುಕೊಂಡೆ. ಆ ಗುಡಿಯಲ್ಲಿ ಶನಿವಾರ ಬೆಣ್ಣೆ ಅಲಂಕಾರದ ಸೇವೆ ಇದೆ. ಒಂದು ಶನಿವಾರಕ್ಕೆ ಒಂದೇ ಮನೆಯವರು. ಆ ಮನೆಯವರು ತಂದ ಬೆಣ್ಣೆಯನ್ನೇ ಸ್ವಾಮಿಗೆ ಹಚ್ಚುವುದು. ಅದರಲ್ಲೂ ಶ್ರಾವಣ ಶನಿವಾರ ಸಿಗಬೇಕೆಂದರೆ ಪುಣ್ಯ ಬೇಕು ಎನ್ನುತ್ತಾರೆ. ಅರ್ಚಕರಿಗೆ ವರ್ಷವರ್ಷವೂ ಇದೇ ತಲೆನೋವು, ಎಲ್ಲರೂ ಅವರ ಫೋನಿಗೇ ಮುಗಿಬೀಳುತ್ತಿದ್ದರು.

ಆದ್ದರಿಂದ ಜನ ತಮ್ಮ ಮೊಬೈಲಿನಲ್ಲೇ ಶನಿವಾರ ಆರಿಸಿ ಸೇವೆ ಕಾದಿರಿಸುವ ಒಂದು ಪುಟ ಕಟ್ಟಿದೆ. ಕೆಲಸದ ಕ್ರಮ ಸರಳ. ಯಾರಾದರೂ ಒಂದು ದಿನವನ್ನು ಒತ್ತಿದರೆ, ನನ್ನ ಪ್ರೋಗ್ರಾಂ ಮೊದಲು ಹೆಸರುಗಳ ದಾಖಲೆ ಇರುವ ಡೇಟಾಬೇಸನ್ನು ಕೇಳುತ್ತದೆ: ಈ ದಿನ ಖಾಲಿ ಇದೆಯಾ? ಖಾಲಿ ಇದ್ದರೆ ಅವರ ಹೆಸರನ್ನು ಬರೆಯುತ್ತದೆ, ಸೇವೆ ಖಚಿತ ಎಂಬ ಸಂದೇಶ ಕಳಿಸುತ್ತದೆ. ಖಾಲಿ ಇಲ್ಲದಿದ್ದರೆ ಬೇರೆ ದಿನ ನೋಡಿ ಎನ್ನುತ್ತದೆ. ಇಷ್ಟನ್ನು ಗಣಪನಿಗೆ ಒಪ್ಪಿಸುತ್ತಾ, ತಿದ್ದುತ್ತಾ ವಾರಗಟ್ಟಲೆ ಮಾಡಿದೆ. ಎಷ್ಟು ಬಾರಿ ಪರೀಕ್ಷಿಸಿದರೂ ಸರಿಯಾಗೇ ನಡೆಯಿತು. ಅರ್ಚಕರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, 'ಭೇಷ್ ಕಣಮ್ಮಾ, ಈ ಸಲದ ಶ್ರಾವಣ ನಿನ್ ಕೈಲೇ' ಅಂದರು. ಬೆಳಗಿನ ಮಂಗಳಾರತಿ ಮುಗಿದ ಕೂಡಲೇ ಕಾದಿರಿಸಬಹುದು ಎಂದು ಗುಡಿಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರು. ಮಂಗಳಾರತಿಯ ಗಂಟೆ ನಿಂತು ಸ್ವಲ್ಪ ಹೊತ್ತಿನಲ್ಲೇ ಶ್ರಾವಣದ ಶನಿವಾರಗಳೆಲ್ಲ ಭರ್ತಿಯಾದವು. ಆ ದಿನ ನಾನು ಪಾಯಸ ಮಾಡಿದೆ.

ಮೊದಲ ಶ್ರಾವಣ ಶನಿವಾರ ಮುಂಜಾನೆ ಅರ್ಚಕರ ಫೋನ್ ಬಂತು. ಹೋಗಿ ನೋಡಿದರೆ ಗುಡಿಯ ಮುಂದೆ ಎರಡು ಸಂಸಾರ, ಎರಡು ಪಾತ್ರೆ ಬೆಣ್ಣೆ. ಒಬ್ಬರು ಈ ಊರಿನ ಮೂಲದ ಮನೆಯ ಹಿರಿಯರು. ಇನ್ನೊಬ್ಬರು ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ದಂಪತಿ.

'ನಮ್ಗೆ ಮೆಸೇಜ್ ಬಂದೈತೆ ಕಣ್ರೀ, ನೋಡಿ ಬೇಕಾದ್ರೆ!' ಎಂದು ಹಿರಿಯರು ಫೋನ್ ಎತ್ತಿ ಹಿಡಿದರು.

'ನಮ್ಗೂ ಬಂದಿದೆ ಸಾರ್. ಇವತ್ತಿನ ಡೇಟೇ ಇದೆ.'

'ನಮ್ ತಾತನ್ ಕಾಲದಿಂದ ಈ ಗುಡೀಲಿ ಸೇವೆ ಮಾಡ್ತಿದೀವಿ. ನೀವ್ ನೆನ್ನೆ ಬಂದೋರು.'

'ಅದಕ್ಕೇ ಸಾರ್ ಆನ್‌ಲೈನ್ ಮಾಡಿರೋದು.'

ಅರ್ಚಕರು ಎರಡು ಫೋನುಗಳನ್ನೂ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ, 'ಜಗಳ ಬೇಡಿ. ಹನುಮಂತನಿಗೆ ಎರಡು ಭುಜ ಕೊಟ್ಟಿದಾನೆ ಭಗವಂತ. ಬಲಕ್ಕೆ ಒಬ್ರದ್ದು, ಎಡಕ್ಕೆ ಒಬ್ರದ್ದು' ಎಂದು ಪಾತ್ರೆಗಳನ್ನು ಒಳಗೆ ತೆಗೆದುಕೊಂಡು ಹೋದರು. ಹಿರಿಯರು ಪ್ರಸಾದ ತೆಗೆದುಕೊಂಡು ಮುಖ ತಿರುಗಿಸಿ ಹೊರಟರು. ಎಲ್ಲರೂ ಹೋದ ಮೇಲೆ ಅರ್ಚಕರು ಮೆಲ್ಲಗೆ ಹೇಳಿದರು: 'ಬೇಜಾರ್ ಮಾಡ್ಕೋಬೇಡಮ್ಮಾ. ಸದ್ಯಕ್ಕೆ ನಿಂದು ನಿಲ್ಸಿರೋಣ.'

ಉಳಿದ ಶನಿವಾರಗಳಿಗೆ ಒಂದೊಂದೇ ಹೆಸರಿತ್ತು, ಅಷ್ಟಾದರೂ ಸ್ವಾಮಿ ಕಾಪಾಡಿದ.

ಸೋಮವಾರ ತರಗತಿಯಲ್ಲಿ ಕೂತು ಮೊದಲಿನಿಂದ ಹುಡುಕಿದೆ. ಶನಿವಾರ ಒತ್ತಿದೆ, ಖಚಿತ ಎಂದು ಬಂತು. ಬೇರೆ ಹೆಸರಿನಲ್ಲಿ ಅದೇ ಶನಿವಾರ ಒತ್ತಿದೆ, ಬೇರೆ ದಿನ ನೋಡಿ ಎಂದಿತು. ಸರಿಯಾಗಿದೆ. ಮತ್ತೆ ಮಾಡಿದೆ, ಮತ್ತೆ ಸರಿ. ಮೇಡಂ ಕೋಡ್ ಮೇಲೆ ಕಣ್ಣಾಡಿಸಿದರು. ಅವರಿಗೆ ಆ ದಿನ ಹತ್ತು ಜೋಡಿಗಳ ಪ್ರಾಜೆಕ್ಟ್ ನೋಡುವುದಿತ್ತು. 'ಲಾಜಿಕ್ ಸರಿ ಇದೆಯಲ್ಲ ಅಕ್ಕ. ನೆಟ್‌ವರ್ಕ್ ಏನೋ ಇರ್ಬೇಕು' ಎಂದು ಮುಂದೆ ಹೋದರು.

ಗಣಪನಿಗೆ ಮತ್ತೆ ಹೇಳಲು ಕೂತೆ. 'ಈ ಸಾಲಿನಲ್ಲಿ ಒಬ್ಬರು ಬಂದು ಕೇಳುತ್ತಾರೆ, ಖಾಲಿ ಇದೆಯಾ ಅಂತ. ಖಾಲಿ ಇದೆ. ಮುಂದಿನ ಸಾಲಿನಲ್ಲಿ ಅವರ ಹೆಸರು ಬರೆಯುತ್ತೇವೆ.' ಅಲ್ಲಿ ಉಸಿರು ತೆಗೆದುಕೊಳ್ಳಲು ನಿಂತೆ. ಎರಡು ಸಾಲುಗಳ ನಡುವೆ ನಾನು ನಿಂತ ಹಾಗೆ ಪ್ರೋಗ್ರಾಮೂ ಒಂದು ಕ್ಷಣ ನಿಲ್ಲುತ್ತದಲ್ಲ? ಆ ಕ್ಷಣದಲ್ಲಿ ಇನ್ನೊಬ್ಬರು ಬಂದು ಕೇಳಿದರೆ? ಮೊದಲನೆಯವರ ಹೆಸರನ್ನು ಇನ್ನೂ ಬರೆದಿರುವುದಿಲ್ಲ. ಅವರಿಗೂ ಖಾಲಿ ಎಂದೇ ಉತ್ತರ ಹೋಗುತ್ತದೆ. ಮಂಗಳಾರತಿ ಮುಗಿದ ತಕ್ಷಣ ಊರೆಲ್ಲ ಒಟ್ಟಿಗೆ ಒತ್ತಿದ್ದರು.

ಹಾಗೇ ಆಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಎರಡು ಕಿಟಕಿ ತೆರೆದುಕೊಂಡು ಬೇಗ ಬೇಗ ಒತ್ತಿ ನೋಡಿದೆ. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಮೊಬೈಲ್ ಹಿಡಿದು ಒತ್ತಿ ನೋಡಿದೆ. ಒಂದು ಮುಂಚೆ ಹೋಗುತ್ತಿತ್ತು, ಇನ್ನೊಂದು ತಡವಾಗುತ್ತಿತ್ತು. ಗಣಪ ಎಲ್ಲ ಕೇಳಿಸಿಕೊಳ್ಳುತ್ತಿದ್ದ, ಆದರೆ ಬಟನ್ ಒತ್ತುವುದಕ್ಕೆ ಅವನ ಕೈಲಾಗುವುದಿಲ್ಲ. ಇಷ್ಟು ವಾರ ನಾನು ಪರೀಕ್ಷೆ ಮಾಡಿದ್ದು ಒಬ್ಬಳೇ. ಒಬ್ಬಳೇ ಇದ್ದಾಗ ಈ ತಪ್ಪು ಹುಟ್ಟುವುದೇ ಇಲ್ಲ.

ಇನ್ನೊಬ್ಬರನ್ನು ಕರೆಯಬೇಕಿತ್ತು. ಇಷ್ಟು ಬರೆಯುವುದು ಸುಲಭ. ಆಗ ನಾನು ಸುಮಾರು ಹೊತ್ತು ಮಾನಿಟರಿನ ಹಿಂದೆಯೇ ಕೂತಿದ್ದೆ. ಎಲ್ಲ ಜೋಡಿಗಳಿಗೂ ಅವರವರ ಗಡಿಬಿಡಿ, ಕಂಪನಿಯವರು ಬರುವುದು ಆ ವಾರವೇ. ಇಷ್ಟು ದಿನ ಯಾರನ್ನೂ ಏನೂ ಕೇಳದವಳು ಈಗ ಹೋಗಿ ಏನೆಂದು ಕೇಳಲಿ? ಎದ್ದು ನೀರು ಕುಡಿದು ಬಂದು ಮತ್ತೆ ಕೂತೆ. ಕೊನೆಗೆ ಸಂಕಟಹರ ಎಂದುಕೊಂಡು ಪಕ್ಕದ ಸಾಲಿಗೆ ಹೋದೆ. ಅಲ್ಲಿ ರಾಯಚೂರು ಕಡೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಪಿಜಿಯಲ್ಲಿದ್ದವಳು, ಹೆಚ್ಚು ಮಾತಿಲ್ಲ.

'ಒಂದ್ ನಿಮಿಷ ಬರ್ತೀಯಾಮ್ಮಾ? ನಾನು ಒತ್ತಿದಾಗ ನೀನೂ ಒತ್ತಬೇಕು, ಅಷ್ಟೇ.'

ಅವಳು ಬಂದು ಕೂತಳು. ನಡೆದದ್ದನ್ನೆಲ್ಲ ಕೇಳಿ, 'ಯಾಕ್ರೀ ಅಕ್ಕಾ, ಮೊದ್ಲ ಹೇಳಬೇಕಿಲ್ಲೇನ್ರಿ? ಒಬ್ಬಾಕಿನೇ ಕುಂತು ಎಷ್ಟ್ ದಿನ ಹುಡುಕ್ತೀರಿ?' ಎಂದು ಬೈದಳು. ಬೈಸಿಕೊಂಡು ನನಗೆ ಹಾಯೆನಿಸಿತು.

ಇಬ್ಬರೂ ಒತ್ತಿದೆವು, ತಪ್ಪು ಬರಲಿಲ್ಲ. ಮುಂದಿನ ಸಾಲಿನ ಹುಡುಗ ತಿರುಗಿದ.

'ಏನಾಂಟಿ, ಹೊಸ ಪಾರ್ಟ್ನರ್ರಾ?'

ವಿಷಯ ಹೇಳಿದೆ. ಅವನು ಕುರ್ಚಿಯ ಮೇಲೆ ನಿಂತುಬಿಟ್ಟ. 'ಮಗಾ, ಎಲ್ರೂ ಫೋನ್ ತೆಗೀರೋ! ಆಂಟಿಗೆ ಒಂದ್ ಬಗ್ ಬೇಕಂತೆ. ನಾನು ತ್ರೀ ಅಂದಾಗ ಎಲ್ರೂ ಒಟ್ಗೆ ಒತ್ತಿ. ಒನ್, ಟೂ...'

ಕೋಣೆಯ ತುಂಬ ಫೋನುಗಳು ಟಿಂಗೆಂದವು. ಐದು ಜನ ಒಟ್ಟಿಗೆ ಕೂಗಿದರು, 'ಆಂಟಿ, ನಂಗೆ ಸೇವೆ ಸಿಕ್ತು!' ಒಂದೇ ಶನಿವಾರ, ಐದು ಜನ.

'ಐದು ಭುಜ ಎಲ್ಲಿಂದ ತರ್ತೀರ ಆಂಟಿ? ಪಂಚಮುಖಿ ಆಂಜನೇಯನ್ನೇ ತರ್ಬೇಕು' ಎಂದ ಆ ಹುಡುಗ. ತಪ್ಪು ಕಣ್ಣಿಗೆ ಬಿದ್ದ ಸಂತೋಷಕ್ಕೆ ನಾನು ಟೇಬಲ್ಲಿನ ಮೇಲಿದ್ದ ಗಣಪನಿಗೆ ಕೈಮುಗಿದುಬಿಟ್ಟೆ.

ಪ್ರತಿ ಸಲವೂ ಎಲ್ಲರನ್ನೂ ಕರೆಯಲಾಗುವುದಿಲ್ಲ. ರಾಯಚೂರಿನ ಹುಡುಗಿ ಒಂದು ಉಪಾಯ ಹೇಳಿದಳು. ಕೇಳುವ ಸಾಲಿಗೂ ಬರೆಯುವ ಸಾಲಿಗೂ ನಡುವೆ ಬೇಕೆಂದೇ ಎರಡು ಸೆಕೆಂಡು ಕಾಯುವ ಹಾಗೆ ಮಾಡಿದರೆ, ನಾವಿಬ್ಬರೇ ಒತ್ತಿದರೂ ತಪ್ಪು ಬರುತ್ತದೆ. ಹಾಗೇ ಮಾಡಿದೆವು. ಈಗ ಒತ್ತಿದಾಗೆಲ್ಲ ತಪ್ಪು ಬರುತ್ತಿತ್ತು. ಪರಿಹಾರಕ್ಕೆ ಮೇಡಂ ದಾರಿ ತೋರಿಸಿದರು: ಖಾಲಿ ಇದೆಯಾ ಎಂದು ಕೇಳುವುದನ್ನು ನಂಬಬೇಡಿ, ಒಂದು ದಿನಕ್ಕೆ ಎರಡನೆಯ ಹೆಸರನ್ನು ಸೇರಿಸಿಕೊಳ್ಳಲೇಬಾರದೆಂದು ಡೇಟಾಬೇಸಿಗೇ ನಿಯಮ ಹಾಕಿ. ಪರೀಕ್ಷೆಗೆ ಒತ್ತಿದ ಹೆಸರುಗಳನ್ನೆಲ್ಲ ಅಳಿಸಿ ನಿಯಮ ಹಾಕಲು ಹೋದರೆ ಡೇಟಾಬೇಸ್ ಒಪ್ಪಲಿಲ್ಲ. ಈಗಾಗಲೇ ಅದರಲ್ಲಿ ಆ ಮೊದಲ ಶನಿವಾರಕ್ಕೆ ಎರಡು ಹೆಸರುಗಳಿದ್ದವು. ಅವು ಇರುವವರೆಗೆ ನಿಯಮ ನಿಲ್ಲುವುದಿಲ್ಲ.

'ಒಂದು ಡಿಲೀಟ್ ಮಾಡ್ರಿ ಅಕ್ಕಾ' ಎಂದಳು.

ಯಾರದ್ದನ್ನು? ಇಬ್ಬರ ಬೆಣ್ಣೆಯನ್ನೂ ಸ್ವಾಮಿ ಹಚ್ಚಿಸಿಕೊಂಡಾಗಿದೆ. ಸೇವೆ ಆಗಿಲ್ಲ ಎಂದು ನಾನು ಅಳಿಸುವುದು ಹೇಗೆ? ನನ್ನ ಕೈ ಬರಲಿಲ್ಲ. ಅವಳು ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. 'ಹಂಗಾದ್ರ ಹಳೇವನ್ನೆಲ್ಲ ಬ್ಯಾರೆ ಟೇಬಲ್‌ಗೆ ಸರಿಸೂಣ. ಹೊಸ ಟೇಬಲ್‌ಗೆ ರೂಲ್ ಹಾಕೂಣ' ಅಂದಳು. ಟೇಬಲ್ ಅಂದರೆ ಡೇಟಾಬೇಸಿನೊಳಗಿನ ಒಂದು ಪಟ್ಟಿ. ಇಬ್ಬರ ಸೇವೆಯೂ ಉಳಿಯಿತು, ನಿಯಮವೂ ನಿಂತಿತು. ಆಮೇಲೆ ಎಷ್ಟು ಬಾರಿ ಒಟ್ಟಿಗೆ ಒತ್ತಿದರೂ ಒಬ್ಬರಿಗೆ ಖಚಿತ ಎಂದೇ ಬಂತು, ಇನ್ನೊಬ್ಬರಿಗೆ ಬೇರೆ ದಿನ ನೋಡಿ ಎಂದೇ ಬಂತು.

ಕಂಪನಿಯವರು ಬರುವ ಹಿಂದಿನ ದಿನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. 'ಅಕ್ಕ, ಗುಡೀದು ಬೇಡ. ಅಲ್ಲಿ ಜಗಳ ಆಗಿದ್ದು ಗೊತ್ತಾದ್ರೆ ಮಾರ್ಕ್ಸ್ ಕಟ್ ಆಗುತ್ತೆ. ಗ್ರಂಥಾಲಯದ್ದು ರೆಡಿ ಇದೆ, ಅದನ್ನೇ ತೋರ್ಸಿ. ನಿಮಗೆ ಒಳ್ಳೇದಾಗ್ಲಿ ಅಂತ ಹೇಳ್ತಿದೀನಿ.' ಅವರ ಮಾತಿನಲ್ಲಿ ಕಾಳಜಿ ಇತ್ತು. ಆ ರಾತ್ರಿ ಯಜಮಾನರು ಪಾಳಿಗೆ ಹೊರಡುವ ಮುನ್ನ ಅವರನ್ನು ಕೇಳಿದೆ. ಚಪ್ಪಲಿ ಮೆಟ್ಟುತ್ತಾ, 'ನೀನ್ ಮಾಡಿದ್ ಯಾವ್ದು?' ಅಂದರು. ಗುಡಿಯದು ಅಂದೆ. 'ಅಂಗಂದ್ರೆ ಅದೇಯ' ಎಂದು ಹೊರಟುಹೋದರು.

ಕಂಪನಿಯವರ ಕಡೆಯಿಂದ ಬಂದವರು ನಡುವಯಸ್ಸಿನವರು, ಸೌಮ್ಯ ಸ್ವಭಾವ. ಒಂದಾದ ಮೇಲೊಂದು ಗ್ರಂಥಾಲಯಗಳನ್ನು ನೋಡಿ ಅವರ ಕಣ್ಣು ಸೋತಿತ್ತು. ನನ್ನ ಸರದಿ ಬಂದಾಗ ಬೆಣ್ಣೆಯ ಜಗಳವನ್ನೇ ಮೊದಲು ಹೇಳಿದೆ. ಹಳೆಯ ಕೋಡನ್ನು ಓಡಿಸಿ, ಎಲ್ಲರಿಂದ ಫೋನ್ ಒತ್ತಿಸಿದೆ. ಮೂರು ಜನಕ್ಕೆ ಒಂದೇ ಶನಿವಾರ ಸಿಕ್ಕಿತು. ಹೊಸ ಕೋಡನ್ನು ಓಡಿಸಿ ಮತ್ತೆ ಒತ್ತಿಸಿದೆ. ಒಬ್ಬರಿಗೆ ಮಾತ್ರ ಸಿಕ್ಕಿತು, ನಮ್ಮ ಬಾಯಿ ಬಡುಕನಿಗೆ. 'ಸಾರ್, ಈ ಶನಿವಾರ ಬೆಣ್ಣೆ ನಂದು!' ಎಂದ. ಬಂದವರು ಜೋರಾಗಿ ನಕ್ಕರು, ಕುರ್ಚಿ ಮುಂದಕ್ಕೆ ಎಳೆದುಕೊಂಡು ನಾನು ಬರೆದದ್ದನ್ನು ಸಾಲು ಸಾಲಾಗಿ ಓದಿದರು.

ಸಂಜೆ ಆಯ್ಕೆಯಾದವರನ್ನು ಒಬ್ಬೊಬ್ಬರಾಗಿ ಕರೆದರು. ರಾಯಚೂರಿನ ಹುಡುಗಿ ಒಳಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಾ ಬಂದಳು, ಸಿಕ್ಕಿತ್ತು. ಬಾಯಿ ಬಡುಕನನ್ನು ಕರೆಯಲಿಲ್ಲ. ಕೊನೆಗೆ ನನ್ನನ್ನು ಕರೆದರು.

'ಮೇಡಂ, ನಿಮ್ಮನ್ನ ಟೆಸ್ಟಿಂಗಿಗೆ, ಅಂದ್ರೆ ತಪ್ಪು ಹುಡುಕೋ ಕೆಲಸಕ್ಕೆ ತಗೋತೀವಿ. ಒಂದು ಅನುಕೂಲನೂ ಇದೆ. ನೀವು ಮನೆ ನೋಡ್ಕೊಳ್ಳೋರು, ಆಫೀಸಿಗೆ ಓಡಾಡೋ ಕಷ್ಟ ಬೇಡ. ಲ್ಯಾಪ್‌ಟಾಪ್ ಕೊಡ್ತೀವಿ. ಪೂರ್ತಿ ಮನೆಯಿಂದಲೇ ಕೆಲಸ.'

ನಮ್ಮ ಮೇಡಂ ಪಕ್ಕದಲ್ಲೇ ಇದ್ದರು. 'ಎಷ್ಟ್ ಲಕ್ಕಿ ಅಕ್ಕ ನೀವು!' ಅಂದರು.

ನನಗೆ ನಮ್ಮ ಕೋಣೆ ಕಣ್ಣ ಮುಂದೆ ಬಂತು. ಮುಚ್ಚಿದ ಕಿಟಕಿ, ಹೊದ್ದು ಮಲಗಿದ ಯಜಮಾನರು, ಅವರ ಪಕ್ಕದಲ್ಲಿ ಕೀಲಿಗಳ ಸದ್ದೂ ಆಗದ ಹಾಗೆ ಟೈಪ್ ಮಾಡುತ್ತಾ ಕೂತ ನಾನು. ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಳ್ಳಬೇಕು, ಎದುರಾಡಬಾರದು ಎಂದು ಬೆಳೆದವಳು ನಾನು. ಆದರೂ ಬಾಯಿಂದ ಬಂದುಬಿಟ್ಟಿತು.

'ಸಾರ್, ತಪ್ಪು ತಿಳೀಬೇಡಿ. ಮನೇಲಿ ಬೇಡ. ಒಬ್ಬಳೇ ಕೂತು ಮಾಡಿದ್ದಕ್ಕೇ ಆ ತಪ್ಪು ನನಗೆ ಅಷ್ಟು ದಿನ ಕಾಣಿಸಲಿಲ್ಲ. ಟೆಸ್ಟಿಂಗ್ ಮಾಡೋಳನ್ನ ಒಬ್ಬಳೇ ಕೂರ್ಸಿದ್ರೆ ನಿಮಗೂ ಹಂಗೇ ಆಗುತ್ತೆ. ಆಫೀಸಲ್ಲೇ ಎಲ್ಲಾದ್ರೂ ಒಂದು ಮೂಲೆ ಕೊಡಿ.'

ಅವರು ಪೆನ್ನು ಕೆಳಗಿಟ್ಟರು. 'ಆಫೀಸಲ್ಲಿ ಸೀಟು ಕಡಿಮೆ ಇದೆ ಮೇಡಂ. ಕೇಳಿ ನೋಡ್ತೀನಿ, ಮಾತು ಕೊಡೋಕಾಗಲ್ಲ' ಅಂದರು.

ಹೊರಗೆ ಬಂದಾಗ ಮೇಡಂ ತಲೆ ಚಚ್ಚಿಕೊಂಡರು. 'ಏನಕ್ಕಾ ಇದು, ಕೈಗೆ ಬಂದಿದ್ದನ್ನ!' ನನಗೂ ಹೆದರಿಕೆಯಾಯಿತು. ಆಮೇಲಿನ ದಿನಗಳು ಬಹಳ ನಿಧಾನ ಹೋದವು. ತರಗತಿ ಮುಗಿದಿತ್ತು, ಹೋಗಲು ಜಾಗವಿರಲಿಲ್ಲ. ಮತ್ತೆ ಪಾತ್ರೆಯಲ್ಲಿ ಅನ್ನ, ತುಟಿಯಲ್ಲಿ ಸಹಸ್ರನಾಮ. ಫೋನನ್ನು ಸದ್ದಿಲ್ಲದ ಹಾಗೆ ಮಾಡಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಅದು ನಡುಗಿತು. ಬಾಗಿಲು ಮುಂದಕ್ಕೆ ಮಾಡಿ ಮೆಟ್ಟಿಲಿಳಿದು ಹೋಗಿ ಮಾತಾಡಿದೆ. ವಾರಕ್ಕೆ ಮೂರು ದಿನ ಆಫೀಸು, ಉಳಿದದ್ದು ಮನೆ. ಆಗಬಹುದೇ ಎಂದು ಕಂಪನಿಯವರು ಕೇಳಿದರು.

ಸ್ವಾಮಿಯ ಹತ್ತಿರ ಐದು ದಿನ ಕೇಳಿಕೊಂಡಿದ್ದೆ, ಮೂರು ಕೊಟ್ಟ. ಆಗಬಹುದು ಸಾರ್ ಅಂದೆ. ಬೀದಿಯಲ್ಲಿ ನಿಂತಿದ್ದೆನಾದ್ದರಿಂದ ಜೋರಾಗಿಯೇ ಅಂದೆ.

ಮೊದಲ ದಿನ ಆಫೀಸಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ರಾಯಚೂರಿನ ಹುಡುಗಿಗೆ ಬೇರೆ ಮಹಡಿ ಕೊಟ್ಟಿದ್ದರು. ಇಲ್ಲೂ ಹೀಗೇ ಏನೋ ಎಂದು ಮನಸ್ಸು ಚುರುಕ್ಕೆಂದಿತು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದೆ. ಪಕ್ಕದ ಕುರ್ಚಿಯ ಹೆಂಗಸು ಹೆಡ್‌ಫೋನ್ ಕೆಳಗಿಳಿಸಿ ಇತ್ತ ಬಗ್ಗಿದರು.

'ಘಮ್ಮಂತಿದೆಯಲ್ರೀ. ಏನು ತಂದಿದೀರಾ?'

'ಹುಳಿ. ಬದನೇಕಾಯಿದು' ಅಂದೆ. ಗಂಟಲು ಕಟ್ಟಿರಲಿಲ್ಲ, ಮಾತು ಸಲೀಸಾಗಿ ಬಂತು. ಡಬ್ಬಿಯನ್ನು ಇಬ್ಬರಿಗೂ ಎಟುಕುವ ಹಾಗೆ ನಡುವೆ ಸರಿಸಿದೆ.